ಬಾಂದುಕಲ್ಲು ನೆಡೋರು ಯಾರು?

ಪಂಚಾಯ್ತಿಗಳ ಐದು ವರ್ಷ ಮುಗಿಯೋದರೊಳಗ ಚುನಾವಣೆ ಆಗಲೇಬೇಕು ಅಂತ ಸಂವಿಧಾನ ಹೇಳುತ್ತದೆ. ಜಿಲ್ಲಾ, ತಾಲೂಕು ಪಂಚಾಯ್ತಿಗೆ ನಾವು ವೋಟು ಹಾಕಿದ್ದು 2016ರಲ್ಲಿ. 2021ಕ್ಕೆ ಅವಧಿ ತೀರಿತು. ಅದೇ ವರ್ಷ ಸರಕಾರ ಕಾಯ್ದೆ ತಿದ್ದಿ, ಕ್ಷೇತ್ರದ ಗಡಿ, ಮೀಸಲಾತಿ ಗೊತ್ತುಮಾಡುವ ಕೆಲಸವನ್ನು ರಾಜ್ಯ ಚುನಾವಣಾ ಆಯೋಗದಿಂದ ತೆಗೆದು ಬೇರೆ ಆಯೋಗಕ್ಕೆ ಕೊಟ್ಟಿತು. ಬಾಂದುಕಲ್ಲು ಎಲ್ಲಿ ಅಂತ ಗೊತ್ತಾಗದೆ ಕೂರಿಗೆ ಹೂಡೋದು ಹೆಂಗ? ಮುಂದೆ ಕೋರ್ಟು, ವಾಯಿದೆ. ಚುನಾವಣೆ ವರ್ಷಗಟ್ಟಲೆ ನಿಂತೇಬಿಟ್ಟಿತು. ಇದೇ ಚುನಾವಣಾ ಆಯೋಗ 2020ರ ಡಿಸೆಂಬರಿನಲ್ಲಿ, ಕೊರೊನಾ ನಡುವೆಯೂ, ಗ್ರಾಮ ಪಂಚಾಯ್ತಿ ಮತದಾನ ಮುಗಿಸಿತ್ತು.

ಸುರೇಬಾನದ ಕಡೆ ಮಳಿ ನಂಬಿದ ನಮ್ಮಂಥವರು ಒಡ್ಡು, ಕೃಷಿಹೊಂಡದ ಮಾತು ತೆಗೆದರೆ ಸಭೆಯೊಳಗ ಜಗಳಾಡಲು ಸದಸ್ಯನೇ ಇರಲಿಲ್ಲ. ಸದಸ್ಯ ಭಾಳ ಮಾಡಿದ್ದ ಅಂತಲ್ಲ, ಮನಿಗೆ ಹೋಗಿ ಬೈಯಾಕ ಒಬ್ಬನಿದ್ದ.

ಗಡಿ ಕೆಲಸ ತಿರುಗಿ ಚುನಾವಣಾ ಆಯೋಗಕ್ಕೇ ಬರಲಿ. ಅವಧಿ ಮುಗಿಯುವ ಆರು ತಿಂಗಳ ಮೊದಲೇ ಪಟ್ಟಿಯನ್ನು ಚಾವಡಿ ಗೋಡೆಗೆ ಹಚ್ಚಲಿ.