ಗಾಡಿಯ ಜಾಡು, ಚಾಲಕನ ಗುಟ್ಟು

ಕಿತ್ತೂರು, ಸವದತ್ತಿ, ರಾಮದುರ್ಗಗಳಿಂದ ಬೈಲಹೊಂಗಲಕ್ಕೆ ಬರುವ ಬಾಡಿಗೆ ಗಾಡಿಗಳನ್ನು ನಮ್ಮ ವಿದ್ಯಾರ್ಥಿಗಳು ದಿನವೂ ಕಾಣುತ್ತಾರೆ. 2019ರ ಜನವರಿ 1ರಿಂದ ನೋಂದಣಿಯಾದ ಪ್ರಯಾಣಿಕರ ಬಾಡಿಗೆ ಗಾಡಿಗಳಲ್ಲಿ, ಆಟೋರಿಕ್ಷಾಗಳ ಹೊರತು, ಸ್ಥಾನಸೂಚಕ ಯಂತ್ರವೂ ಆಪತ್ತಿನ ಗುಂಡಿಯೂ ಇರತಕ್ಕದ್ದೆಂದು ಕೇಂದ್ರ ಸರಕಾರದ ನಿಯಮವಿದೆ.

ಉಪಗ್ರಹವು ಮೇಲಿನಿಂದ ಗಾಡಿಯನ್ನು ನೋಡುತ್ತದೆಂದು ಹಲವರು ಭಾವಿಸಿರುವರು. ಹಾಗಲ್ಲ. ಉಪಗ್ರಹವು ತನ್ನ ಸ್ಥಾನವನ್ನೂ ಕಾಲವನ್ನೂ ಸಾರುವುದಷ್ಟೆ. ಅಂಥ ನಾಲ್ಕು ಸಂಕೇತಗಳಿಂದ ಯಂತ್ರವೇ ತಾನಿರುವ ಸ್ಥಳವನ್ನು ಗಣಿಸಿಕೊಳ್ಳುತ್ತದೆ. ಮೂರು ಸಾಲದೇಕೆ? ನಾಲ್ಕನೆಯದು ಯಂತ್ರದ ಗಡಿಯಾರವನ್ನು ತಿದ್ದಲು. ಒಂದು ಮೈಕ್ರೋಸೆಕೆಂಡು ತಪ್ಪಿದರೆ ಅಳತೆಯಲ್ಲಿ 300 ಮೀಟರು ತಪ್ಪುವುದು. ಗುಟ್ಟನ್ನು ಹೊರಗೆ ಒಯ್ಯುವುದು ಯಂತ್ರದೊಳಗಿನ ಮೊಬೈಲ್ ಸಿಮ್.

ಯಲ್ಲಮ್ಮನ ಗುಡ್ಡಕ್ಕೆ ರಾತ್ರಿ ಹೊರಟ ಹೆಣ್ಣುಮಕ್ಕಳಿಗೆ ಈ ಯಂತ್ರವು ಧೈರ್ಯ. ಅದನ್ನು ನಾವು ಹಳಿಯೆವು. ಆದರೆ ಚಾಲಕನ ಹೆಸರನ್ನು ಅಳಿಸಿಟ್ಟರೆ ಸಾಕೆಂಬ ವಾದವನ್ನು ಒಪ್ಪಲಾರೆವು. 15 ಲಕ್ಷ ಜನರ ಹೆಸರಿಲ್ಲದ ಮೊಬೈಲ್ ದಾಖಲೆಗಳನ್ನು ಪರಿಶೀಲಿಸಿ 2013ರಲ್ಲಿ ಪ್ರಕಟಿಸಿದ ಸಂಶೋಧನೆಯೊಂದರಲ್ಲಿ, ಎಲ್ಲಿ, ಎಷ್ಟು ಹೊತ್ತಿಗೆ ಎಂಬ ನಾಲ್ಕೇ ಬಿಂದುಗಳಿಂದ ನೂರಕ್ಕೆ 95 ಜನರ ಜಾಡು ಬೇರೆಯಾಗಿ ಗುರುತಿಗೆ ಸಿಕ್ಕಿತು. ಹಾಗಿರುವಾಗ ಬೆಳಗ್ಗೆ ಆರಕ್ಕೆ ಒಂದೇ ಓಣಿಯಿಂದ ಹೊರಡುವ ಗಾಡಿ ಯಾರದೆಂದು ಓಣಿಯ ಹುಡುಗರೂ ಹೇಳಿಯಾರು! ಅದು ವಾರಕ್ಕೊಮ್ಮೆ ಯಾವ ದವಾಖಾನೆಯ ಮುಂದೆ ನಿಲ್ಲುವುದೆಂಬುದು ಪರರಿಗೇಕೆ?

ಖಾಸಗಿತನವು ಮೂಲಭೂತ ಹಕ್ಕೆಂದು ಸರ್ವೋಚ್ಚ ನ್ಯಾಯಾಲಯವು 2017ರ ಆಗಸ್ಟ್ 24ರಂದು ತೀರ್ಪಿತ್ತಿತು. ಆ ಮೊಕದ್ದಮೆ ಹೂಡಿದವರು ಕರ್ನಾಟಕ ಉಚ್ಚ ನ್ಯಾಯಾಲಯದ ನಿವೃತ್ತ ನ್ಯಾಯಾಧೀಶರಾದ ಕೆ. ಎಸ್. ಪುಟ್ಟಸ್ವಾಮಿಯವರು. ಗಾಡಿಯ ಜಾಡನ್ನು ಎಷ್ಟು ದಿನ ಇಡುವರು, ಯಾರಿಗೆ ಕೊಡುವರು ಎಂಬುದನ್ನು ಕನ್ನಡದಲ್ಲಿ ಬರೆದು, ಮಾಲಿಕನಿಗಷ್ಟೇ ಅಲ್ಲದೆ ಸಂಬಳದ ಚಾಲಕನ ಕೈಗೂ ಕೊಡಬೇಕೆಂದು ನಾವು ಕೇಳುತ್ತೇವೆ.