ಪೀಠದಿಂದ ಇಳಿದು ಮತ ಕೇಳುವ ಮುನ್ನ

2025ರ ಮಾರ್ಚ್ ತಿಂಗಳ ಕೊನೆಯ ವಾರ. ಲೆಕ್ಕಪತ್ರ ಮುಗಿಸುವ ಗಡಿಬಿಡಿಯಲ್ಲಿ ನಮ್ಮಂಥವರಿಗೆ ಊಟ ನಿದ್ರೆಗಳ ಪರಿವೆ ಇರದ ದಿನಗಳು. ಅಮೆರಿಕದ ವಿಸ್ಕಾನ್ಸಿನ್ ರಾಜ್ಯದ ಮಿಲ್ವಾಕಿಯಲ್ಲಿ ನೆಲೆಸಿರುವ ಚಿಕ್ಕಮ್ಮನ ಮಗ ರಾತ್ರಿ ಹನ್ನೊಂದಕ್ಕೆ ಮುಲುಂಡಿನ ನಮ್ಮ ಮನೆಗೆ ಫೋನು ಮಾಡಿದ. ಅಲ್ಲಿಯ ರಾಜ್ಯ ಸುಪ್ರೀಂ ಕೋರ್ಟಿನ ಒಂದು ಸ್ಥಾನಕ್ಕೆ ಏಪ್ರಿಲ್ 1ರಂದು ಚುನಾವಣೆ. ಟಿ.ವಿ. ಹಚ್ಚಿದರೆ ನ್ಯಾಯಾಧೀಶರ ಜಾಹೀರಾತು, ಅಂಚೆಪೆಟ್ಟಿಗೆ ತೆರೆದರೆ ನ್ಯಾಯಾಧೀಶರ ಕರಪತ್ರ. "ಅಣ್ಣ, ನಿಮ್ಮಲ್ಲಿ ಜಡ್ಜುಗಳು ಓಟು ಕೇಳುವುದಿಲ್ಲ, ಅದು ನಿಮ್ಮ ಪುಣ್ಯ" ಎಂದ. ಆ ಚುನಾವಣೆಗೆ ಸುಮಾರು 10 ಕೋಟಿ ಡಾಲರು ವೆಚ್ಚವಾಯಿತೆಂದು ಆಮೇಲೆ ಓದಿದೆ. ಗೆದ್ದವರಿಗೆ ದೊರೆಯುವುದು ಹತ್ತು ವರ್ಷಗಳ ಅವಧಿ.

"ನಮ್ಮಲ್ಲಿ ಪೀಠದ ಮೇಲಿರುವಾಗ ಕೇಳುವುದಿಲ್ಲ, ಇಳಿದ ಮೇಲೆ ಕೇಳುತ್ತಾರೆ" ಎಂದು ನಾನು ಹೇಳಿದ್ದು ಹಾಸ್ಯಕ್ಕಲ್ಲ. ಅದಕ್ಕೆ ಒಂದು ವರ್ಷದ ಹಿಂದೆಯಷ್ಟೇ ಕಲ್ಕತ್ತ ಹೈಕೋರ್ಟಿನ ನ್ಯಾಯಮೂರ್ತಿ ಅಭಿಜಿತ್ ಗಂಗೋಪಾಧ್ಯಾಯರು 2024ರ ಮಾರ್ಚ್ 5ರಂದು ರಾಜೀನಾಮೆಯಿತ್ತು, ಎರಡೇ ದಿನಗಳಲ್ಲಿ ಪಕ್ಷ ಸೇರಿ, ಜೂನ್ 4ರಂದು ತಮ್ಲುಕ್ ಕ್ಷೇತ್ರದಿಂದ ಲೋಕಸಭೆಗೆ ಗೆದ್ದು ಬಂದಿದ್ದರು. ಈ ಮಾತು ಬಂದಾಗಲೆಲ್ಲ ಸಮರ್ಥಕರು ಎತ್ತಿ ಹಿಡಿಯುವ ಹೆಸರು ನಮ್ಮೂರಿನದೇ: ಕೌಡೂರು ಸದಾನಂದ ಹೆಗ್ಡೆ. "ಹೆಗ್ಡೆಯವರೂ ಚುನಾವಣೆಗೆ ನಿಂತಿರಲಿಲ್ಲವೇ?" ನಿಂತಿದ್ದರು. ಆದರೆ ಯಾವಾಗ, ಹೇಗೆ ಎಂಬುದನ್ನು ಬಿಟ್ಟು ಆ ಹೆಸರನ್ನು ಬಳಸುವುದು ಜಮೆಯ ಕಲಮನ್ನು ತೋರಿಸಿ ಖರ್ಚಿನ ಕಲಮನ್ನು ಅಡಗಿಸಿದಂತೆ.

ಕಾರ್ಕಳದ ಗೊಮ್ಮಟನ ನೆರಳಿನಿಂದ ಮುಂಬಯಿಗೆ ಬಂದ ನಮ್ಮ ಹಿರಿಯರಿಗೆ ಹೆಗ್ಡೆಯವರು ಅಭಿಮಾನದ ವ್ಯಕ್ತಿ. ಕಾರ್ಕಳ ತಾಲೂಕಿನ ಕೌಡೂರಿನಲ್ಲಿ 1909ರಲ್ಲಿ ಜನನ. ದಕ್ಷಿಣ ಕನ್ನಡ ಜಿಲ್ಲೆ ಮದರಾಸು ರಾಜ್ಯದಲ್ಲಿದ್ದ ಕಾಲದಲ್ಲಿ ಸರಕಾರಿ ವಕೀಲರು, 1952ರಿಂದ ಕಾಂಗ್ರೆಸ್ ಪಕ್ಷದ ರಾಜ್ಯಸಭಾ ಸದಸ್ಯರು. 1957ರಲ್ಲಿ ರಾಜ್ಯಸಭೆಯನ್ನು ಬಿಟ್ಟು ನೇರವಾಗಿ ಮೈಸೂರು ಹೈಕೋರ್ಟಿನ ಪೀಠವೇರಿದರು. ಇದನ್ನು ಮರೆಮಾಚುವುದು ಪ್ರಾಮಾಣಿಕತೆಯಲ್ಲ. ಪಕ್ಷದ ಬಾಗಿಲಿನಿಂದ ನ್ಯಾಯಾಲಯದ ಬಾಗಿಲಿಗೆ ಅವರಿಗೆ ಯಾವ ಅಂತರವೂ ಇರಲಿಲ್ಲ. ಮುಂದೆ 1966ರಲ್ಲಿ ದೆಹಲಿ ಹೈಕೋರ್ಟಿನ ಮೊದಲ ಮುಖ್ಯ ನ್ಯಾಯಮೂರ್ತಿ, 1967ರ ಜುಲೈಯಲ್ಲಿ ಸುಪ್ರೀಂ ಕೋರ್ಟು.

ಅಲ್ಲಿ ಅವರು ಬರೆದ ತೀರ್ಪುಗಳಲ್ಲಿ ಒಂದು ನನ್ನ ವೃತ್ತಿಯ ನಿತ್ಯದ ಅನ್ನ. ತೆರಿಗೆ ಕಾನೂನಿನ ಮಾತಿಗೆ ಎರಡು ಸಮಂಜಸ ಅರ್ಥಗಳು ಸಾಧ್ಯವಿದ್ದರೆ ತೆರಿಗೆದಾರನಿಗೆ ಅನುಕೂಲವಾದ ಅರ್ಥವನ್ನೇ ಹಿಡಿಯಬೇಕು ಎಂಬ 1973ರ ವೆಜಿಟೆಬಲ್ ಪ್ರಾಡಕ್ಟ್ಸ್ ಪ್ರಕರಣದ ತೀರ್ಪು ಅವರದು. ಮೇಲ್ಮನವಿಗಳಲ್ಲಿ ಅದನ್ನು ಎಷ್ಟು ಬಾರಿ ಉದ್ಧರಿಸಿದ್ದೇನೋ ಲೆಕ್ಕವಿಲ್ಲ. ಬಹಳ ಕಾಲ, ಅದನ್ನು ಬರೆದವರು ನಮ್ಮ ಊರಿನವರೆಂದು ತಿಳಿಯದೆಯೇ ಉದ್ಧರಿಸುತ್ತಿದ್ದೆ!

ಆದರೆ ಇಂದಿನ ಚರ್ಚೆಗೆ ಬೇಕಾದದ್ದು 1969ರ ಕ್ರೈಪಾಕ್ ಪ್ರಕರಣ. ಜಮ್ಮು ಮತ್ತು ಕಾಶ್ಮೀರದಲ್ಲಿ ಅರಣ್ಯ ಸೇವೆಗೆ ಅಧಿಕಾರಿಗಳನ್ನು ಆರಿಸಲು ಒಂದು ಮಂಡಳಿಯಿತ್ತು. ಅದರಲ್ಲಿ ಕುಳಿತಿದ್ದ ಹಂಗಾಮಿ ಮುಖ್ಯ ಅರಣ್ಯಾಧಿಕಾರಿ ತಾವೇ ಒಬ್ಬ ಅಭ್ಯರ್ಥಿ. ತಮ್ಮ ಹೆಸರು ಬಂದಾಗ ಅವರು ಹೊರಗೆ ಹೋಗಿದ್ದರು. ತಮ್ಮ ಪ್ರತಿಸ್ಪರ್ಧಿಗಳ ಹೆಸರು ಬಂದಾಗ ಮಾತ್ರ ಒಳಗಿದ್ದರು. ಐವರು ನ್ಯಾಯಮೂರ್ತಿಗಳ ಪರವಾಗಿ ಹೆಗ್ಡೆಯವರು ಬರೆದ ತೀರ್ಪು ಆ ಆಯ್ಕೆಯನ್ನೇ ರದ್ದುಗೊಳಿಸಿತು. ಅವರು ನಿಜವಾಗಿ ಪಕ್ಷಪಾತ ಮಾಡಿದರೇ ಎಂಬುದು ಪ್ರಶ್ನೆಯಲ್ಲ, ಪಕ್ಷಪಾತಕ್ಕೆ ಸಹಜವಾದ ಸಂಭವವಿತ್ತೇ ಎಂಬುದೇ ಪ್ರಶ್ನೆ ಎಂದು ಆ ತೀರ್ಪಿನ ತಿರುಳು. ಪೀಠದ ಮೇಲೆ ಕುಳಿತು ಮುಂದಿನ ಚುನಾವಣೆಯ ಟಿಕೇಟಿನ ಮೇಲೆ ಕಣ್ಣಿಟ್ಟವರಿಗೂ ಆ ಅರಣ್ಯಾಧಿಕಾರಿಗೂ ಏನು ವ್ಯತ್ಯಾಸ?

ಈ ಸಂಭವವೆಂಬುದು ಹೇಗೆ ಕೆಲಸ ಮಾಡುತ್ತದೆ ಎಂಬುದನ್ನು ನಾನು ಪುಸ್ತಕದಿಂದ ಕಲಿತವನಲ್ಲ. ನಮ್ಮ ಉಪನಗರದ ಒಂದು ಧರ್ಮಾರ್ಥ ಸಂಸ್ಥೆಯ ಲೆಕ್ಕಪರಿಶೋಧನೆಯನ್ನು ಎಂಟು ವರ್ಷ ಮಾಡಿದ್ದೆ. ಒಂದು ಸಂಜೆ ಇಬ್ಬರು ಹಿರಿಯರು ಮನೆಗೆ ಬಂದು, ಮುಂದಿನ ಚುನಾವಣೆಯಲ್ಲಿ ಕಾರ್ಯದರ್ಶಿ ಸ್ಥಾನಕ್ಕೆ ನೀವೇ ನಿಲ್ಲಬೇಕೆಂದರು. ಆಲೋಚಿಸುತ್ತೇನೆ ಎಂದೆ. ಅದೇ ವರ್ಷದ ಲೆಕ್ಕದಲ್ಲಿ ಸಭಾಭವನದ ದುರಸ್ತಿಗೆಂದು ಬರೆದಿದ್ದ ಒಂದು ಮೊತ್ತಕ್ಕೆ ಬಿಲ್ಲು ಇರಲಿಲ್ಲ. ಹಿಂದಿನ ಏಳು ವರ್ಷಗಳಲ್ಲಿ ಯಾವುದೇ ವರ್ಷವಾಗಿದ್ದರೂ ವರದಿಯಲ್ಲಿ ಒಂದು ಸಾಲು ಬರೆಯುತ್ತಿದ್ದೆ. ಆ ವರ್ಷ "ಬಿಲ್ಲು ತರಿಸಿಡಿ" ಎಂದು ಬಾಯಲ್ಲಿ ಹೇಳಿ ಸಹಿ ಹಾಕಿದೆ. ಯಾರೂ ನನಗೆ ಹಾಗೆ ಮಾಡಲು ಹೇಳಿರಲಿಲ್ಲ, ಹಣ ದುರುಪಯೋಗವಾಗಿತ್ತೆಂದೂ ಅಲ್ಲ. ರೈಲಿನಲ್ಲಿ ಮನೆಗೆ ಮರಳುವಾಗ ಘಾಟ್ಕೋಪರ್ ದಾಟಿದ ಮೇಲೆ ಅದು ಮನಸ್ಸಿಗೆ ಬಂತು. ನಾನು ನಿಲ್ಲಲಿಲ್ಲ. ಮರುವರ್ಷ ಆ ಸಂಸ್ಥೆಯ ಲೆಕ್ಕವನ್ನೂ ಬಿಟ್ಟೆ. ಆ ಸಹಿ ಮಾತ್ರ ಹಾಗೆಯೇ ಉಳಿದಿದೆ.

ಹೆಗ್ಡೆಯವರ ಲೇಖನಿ ಹೀಗೆ ಮೆತ್ತಗಾಗಲಿಲ್ಲವೆಂಬುದಕ್ಕೆ ಅವರು ತೆತ್ತ ಬೆಲೆಯೇ ಸಾಕ್ಷಿ. ರಾಜ್‌ನಾರಾಯಣರು ಇಂದಿರಾ ಗಾಂಧಿಯವರ ವಿರುದ್ಧ ಹೂಡಿದ್ದ ಚುನಾವಣಾ ತಕರಾರಿನ ಒಂದು ಹಂತ 1972ರಲ್ಲಿ ಸುಪ್ರೀಂ ಕೋರ್ಟಿಗೆ ಬಂದಾಗ, ಅವರು ಬರೆದ ತೀರ್ಪು ಪ್ರಧಾನಿಗೆ ಅನುಕೂಲವಾಗಿರಲಿಲ್ಲ. 1973ರ ಏಪ್ರಿಲ್ 24ರಂದು ಬಂದದ್ದು ಕೇಶವಾನಂದ ಭಾರತಿ ತೀರ್ಪು. ಅರ್ಜಿದಾರರು ಕಾಸರಗೋಡಿನ ಎಡನೀರು ಮಠದ ಸ್ವಾಮಿಗಳು, ವಾದಿಸಿದವರು ಮುಂಬಯಿಯ ನಾನಿ ಪಾಲ್ಖೀವಾಲಾ, ಆಲಿಕೆ 68 ದಿನ, ತೀರ್ಪು ಏಳಕ್ಕೆ ಆರು. ಸಂವಿಧಾನದ ಮೂಲ ಸ್ವರೂಪವನ್ನು ಸಂಸತ್ತು ಕೆಡಿಸಲಾಗದೆಂದ ಏಳು ಮಂದಿಯಲ್ಲಿ ಹೆಗ್ಡೆಯವರೂ ಒಬ್ಬರು. ಮರುದಿನವೇ ಶೇಲತ್, ಹೆಗ್ಡೆ, ಗ್ರೋವರ್ ಈ ಮೂವರ ಹಿರಿತನವನ್ನು ಬದಿಗೊತ್ತಿ ಎ.ಎನ್. ರೇ ಅವರನ್ನು ಮುಖ್ಯ ನ್ಯಾಯಮೂರ್ತಿಯನ್ನಾಗಿ ಮಾಡಲಾಯಿತು. ಮೂವರೂ ರಾಜೀನಾಮೆ ಕೊಟ್ಟರು. ನ್ಯಾಯಾಧೀಶರ ತತ್ತ್ವದೃಷ್ಟಿಯನ್ನೂ ನೋಡಬೇಕಾಗುತ್ತದೆ ಎಂದು ಸಚಿವ ಮೋಹನ ಕುಮಾರಮಂಗಲಂ ಸಂಸತ್ತಿನಲ್ಲಿ ಸಮರ್ಥಿಸಿಕೊಂಡರು. ಅಳತೆಗೆ ಹೊಲಿಸಿದ ನ್ಯಾಯಾಂಗ ಎಂಬರ್ಥದ ಶೀರ್ಷಿಕೆಯಲ್ಲಿ ಪಾಲ್ಖೀವಾಲಾ ಅದೇ ವರ್ಷ ಒಂದು ಪುಸ್ತಕವನ್ನೇ ಸಂಪಾದಿಸಿದರು. ಯಾವ ಪಕ್ಷ ಅವರನ್ನು ರಾಜ್ಯಸಭೆಗೆ ಕಳುಹಿಸಿತ್ತೋ ಅದೇ ಪಕ್ಷದ ಸರಕಾರ ಅವರನ್ನು ದಾಟಿ ಹೋಯಿತು.

ಆ ಬಳಿಕ ತುರ್ತುಪರಿಸ್ಥಿತಿ. 1977ರ ಮಾರ್ಚ್‌ನಲ್ಲಿ ಹೆಗ್ಡೆಯವರು ಜನತಾ ಪಕ್ಷದಿಂದ ಬೆಂಗಳೂರು ದಕ್ಷಿಣದಲ್ಲಿ ನಿಂತು ಕೆಂಗಲ್ ಹನುಮಂತಯ್ಯನವರಂಥ ಹಿರಿಯರನ್ನು ಸೋಲಿಸಿದರು. ಕರ್ನಾಟಕದ 28 ಸ್ಥಾನಗಳಲ್ಲಿ 26 ಕಾಂಗ್ರೆಸ್ಸಿಗೆ ಹೋದ ಚುನಾವಣೆ ಅದು. ವಿರೋಧಿಗಳು ಗೆದ್ದ ಎರಡರಲ್ಲಿ ಒಂದು ಇದು, ಇನ್ನೊಂದು ಹಾಸನ. ನೀಲಂ ಸಂಜೀವ ರೆಡ್ಡಿಯವರು ರಾಷ್ಟ್ರಪತಿಯಾದುದರಿಂದ ತೆರವಾದ ಸಭಾಧ್ಯಕ್ಷ ಪೀಠ ಅದೇ ಜುಲೈಯಲ್ಲಿ ಹೆಗ್ಡೆಯವರಿಗೆ ಬಂತು.

ಪದವಿ ಬಿಟ್ಟದ್ದು 1973ರ ಏಪ್ರಿಲ್ 30. ಮತದಾನ 1977ರ ಮಾರ್ಚ್. ನಾಲ್ಕು ವರ್ಷಕ್ಕೆ ಸುಮಾರು ಆರು ವಾರ ಕಡಿಮೆ. ಇದರೊಂದಿಗೆ ಹೋಲಿಸಿ ನೋಡಿ. ನ್ಯಾಯಮೂರ್ತಿ ಬಹರುಲ್ ಇಸ್ಲಾಂ ಅವರು 1982ರ ಡಿಸೆಂಬರಿನಲ್ಲಿ ಬಿಹಾರದ ಮುಖ್ಯಮಂತ್ರಿ ಜಗನ್ನಾಥ ಮಿಶ್ರಾ ಅವರ ಮೇಲಿನ ಮೊಕದ್ದಮೆಯನ್ನು ಹಿಂತೆಗೆದುಕೊಳ್ಳಬಹುದೆಂಬ ಬಹುಮತದ ತೀರ್ಪಿನಲ್ಲಿದ್ದರು, 1983ರ ಜನವರಿಯಲ್ಲಿ ರಾಜೀನಾಮೆಯಿತ್ತು ಅದೇ ಪಕ್ಷದಿಂದ ಚುನಾವಣೆಗೆ ಹೊರಟರು. ಆ ಪೀಠದಲ್ಲಿ ಭಿನ್ನಮತ ಬರೆದವರು ಮುಂಬಯಿ ಹೈಕೋರ್ಟಿನಿಂದ ಹೋಗಿದ್ದ ತುಳಜಾಪುರ್ಕರ್. 1967ರಲ್ಲಿ ಮುಖ್ಯ ನ್ಯಾಯಮೂರ್ತಿ ಸುಬ್ಬರಾವ್ ಅವರು ರಾಷ್ಟ್ರಪತಿ ಚುನಾವಣೆಗೆ ನಿಲ್ಲಲು ರಾಜೀನಾಮೆಯಿತ್ತದ್ದಕ್ಕೂ ಮತದಾನಕ್ಕೂ ನಡುವೆ ಒಂದು ತಿಂಗಳೂ ಇರಲಿಲ್ಲ. ಸುಬ್ಬರಾವ್ ಅವರ ವಿದ್ವತ್ತನ್ನು ಗೌರವಿಸುತ್ತಲೇ ಹೇಳುತ್ತೇನೆ, ಅದು ಒಳ್ಳೆಯ ಮೇಲ್ಪಂಕ್ತಿಯಾಗಲಿಲ್ಲ. ಚುನಾವಣೆಯಲ್ಲದಿದ್ದರೂ, ನಿವೃತ್ತರಾದ ನಾಲ್ಕೇ ತಿಂಗಳಲ್ಲಿ ರಾಜ್ಯಸಭೆಗೆ ನಾಮಕರಣಗೊಂಡ ರಂಜನ್ ಗೊಗೊಯ್ ಅವರದೂ ಇದೇ ಸಾಲು.

ಸುಪ್ರೀಂ ಕೋರ್ಟಿನ ನಿವೃತ್ತ ನ್ಯಾಯಮೂರ್ತಿ ಯಾವ ನ್ಯಾಯಾಲಯದಲ್ಲೂ ವಕಾಲತ್ತು ಮಾಡುವಂತಿಲ್ಲವೆಂದು ಸಂವಿಧಾನದ 124ನೆಯ ವಿಧಿ ಹೇಳುತ್ತದೆ, ಮತ ಕೇಳುವ ಬಗ್ಗೆ ಮೌನ ತಾಳಿದೆ. ನಮ್ಮಂಥ ಲೆಕ್ಕಿಗರನ್ನೂ ಕಾನೂನು ನಂಬುವುದಿಲ್ಲ. 2013ರ ಕಂಪನಿ ಕಾನೂನಿನ ಪ್ರಕಾರ ಷೇರುಪೇಟೆಯ ಕಂಪನಿಯೊಂದನ್ನು ಐದು ವರ್ಷ ಪರಿಶೋಧಿಸಿದ ವ್ಯಕ್ತಿ ಮುಂದಿನ ಐದು ವರ್ಷ ಅದರ ಪರಿಶೋಧಕನಾಗುವಂತಿಲ್ಲ. ಅದೇ ವರ್ಷದ ಲೋಕಪಾಲ ಕಾನೂನು, ಲೋಕಪಾಲರು ಪದವಿ ಬಿಟ್ಟ ಐದು ವರ್ಷ ಪಂಚಾಯತಿಯಿಂದ ರಾಷ್ಟ್ರಪತಿ ಭವನದವರೆಗೆ ಯಾವ ಚುನಾವಣೆಗೂ ನಿಲ್ಲಬಾರದೆನ್ನುತ್ತದೆ. ಲೋಕಪಾಲ ಮಸೂದೆಯ ಕರಡಿಗಾಗಿ 2011ರಲ್ಲಿ ರಚಿಸಿದ ಜಂಟಿ ಸಮಿತಿಯಲ್ಲಿ ಹೆಗ್ಡೆಯವರ ಮಗ, ನ್ಯಾಯಮೂರ್ತಿ ಸಂತೋಷ್ ಹೆಗ್ಡೆಯವರೂ ಇದ್ದರು.

ಹಾಗಾದರೆ ನ್ಯಾಯಾಧೀಶರಿಗೂ ಐದು ವರ್ಷವೆಂದು ಬರೆದುಬಿಡೋಣವೇ? ಅಲ್ಲಿಯೇ ನಾನು ತಡೆಯುತ್ತೇನೆ. 1973ರಲ್ಲಿ ಅಂಥ ನಿಯಮವಿದ್ದಿದ್ದರೆ 1977ರಲ್ಲಿ ಹೆಗ್ಡೆಯವರ ನಾಮಪತ್ರ ತಿರಸ್ಕೃತವಾಗುತ್ತಿತ್ತು, ತುರ್ತುಪರಿಸ್ಥಿತಿಯನ್ನು ಎದುರಿಸಿದ ಆ ಚುನಾವಣೆಯಲ್ಲಿ ಬೆಂಗಳೂರು ದಕ್ಷಿಣದ ಮತದಾರರಿಗೆ ಆ ಹೆಸರೇ ಸಿಗುತ್ತಿರಲಿಲ್ಲ. ಅವಧಿಯನ್ನು ಎಲ್ಲಿ ಕಡಿಯಬೇಕೆಂಬುದರಲ್ಲಿ ವಾದಕ್ಕೆ ಆಸ್ಪದವಿದೆ. ನನ್ನ ಲೆಕ್ಕ ಮೂರು ವರ್ಷ: ಚುನಾವಣೆಗೂ ನಾಮಕರಣಕ್ಕೂ ಒಂದೇ, ಹೈಕೋರ್ಟಿಗೂ ಸುಪ್ರೀಂ ಕೋರ್ಟಿಗೂ ಒಂದೇ, ನಿವೃತ್ತಿಯಾದರೂ ರಾಜೀನಾಮೆಯಾದರೂ ಒಂದೇ. ಆ ಲೆಕ್ಕದಲ್ಲಿ ಸುಬ್ಬರಾವ್, ಇಸ್ಲಾಂ, ಗೊಗೊಯ್, ಗಂಗೋಪಾಧ್ಯಾಯ ನಾಲ್ವರೂ ಕಾಯಬೇಕಾಗುತ್ತಿತ್ತು. ಹೆಗ್ಡೆಯವರ ನಾಮಪತ್ರಕ್ಕೆ ಮಾತ್ರ ಏನೂ ಆಗುತ್ತಿರಲಿಲ್ಲ.