ಎರಡು ಹೊಸದುರ್ಗಗಳ ನಡುವೆ

ಹೊಸದುರ್ಗ ಎಂಬ ಹೆಸರಿನ ತಾಲ್ಲೂಕುಗಳು ಎರಡಿವೆ. ಒಂದು ಕೇರಳದ ಕಾಸರಗೋಡು ಜಿಲ್ಲೆಯದು. ಕಾಞಂಗಾಡ್ ಅದರ ಕೇಂದ್ರ, ಕೆಳದಿಯ ನಾಯಕರು ಕಟ್ಟಿಸಿದ ಕೋಟೆ ಅಲ್ಲಿದೆ, ಪಕ್ಕದಲ್ಲೇ ಅರಬ್ಬಿ ಸಮುದ್ರ. ಇನ್ನೊಂದು ಚಿತ್ರದುರ್ಗ ಜಿಲ್ಲೆಯದು. ಬದಿಯಡ್ಕದ ನನ್ನ ಮನೆಯಿಂದ ಮೊದಲನೆಯದಕ್ಕೆ ಹೋಗಿ ಸಂಜೆಯೊಳಗೆ ವಾಪಸಾಗಬಹುದು. ಎರಡನೆಯದಕ್ಕೆ ಮಂಗಳೂರು, ಶಿವಮೊಗ್ಗದ ಮೇಲೆ ಸುಮಾರು 350 ಕಿ.ಮೀ., ಒಂದಿಡೀ ರಾತ್ರಿಯ ಪ್ರಯಾಣ. ಎಂ.ಎಸ್ಸಿ., ಬಿ.ಇಡಿ. ಮುಗಿಸಿರುವ ನನಗೆ ಈ ಎರಡನೇ ಹೊಸದುರ್ಗದ ಖಾಸಗಿ ಪ್ರೌಢಶಾಲೆಯೊಂದರಿಂದ ವಿಜ್ಞಾನ ಶಿಕ್ಷಕಿಯ ಕೆಲಸಕ್ಕೆ ಕರೆ ಬಂದಿದೆ. ಮೇ ಕೊನೆಯೊಳಗೆ ಉತ್ತರ ಹೇಳಬೇಕು.

ಕಾಸರಗೋಡಿನ ಯುವಕ ಯುವತಿಯರ ಉದ್ಯೋಗದ ನಕ್ಷೆಯಲ್ಲಿ ಮೂರೇ ಊರುಗಳು: ಮಂಗಳೂರು, ಬೆಂಗಳೂರು ಮತ್ತು ದುಬೈ. ಘಟ್ಟದ ಮೇಲಿನ ಜಿಲ್ಲಾ ಕೇಂದ್ರಗಳಾಗಲಿ, ತಾಲ್ಲೂಕು ಪಟ್ಟಣಗಳಾಗಲಿ ನಮ್ಮ ಲೆಕ್ಕಕ್ಕೇ ಬರುವುದಿಲ್ಲ. ಚಿತ್ರದುರ್ಗವೆಂದರೆ ನಮಗೆ 'ನಾಗರಹಾವು' ಸಿನಿಮಾದ ಕೋಟೆ, ಒನಕೆ ಓಬವ್ವ, ಅಷ್ಟೆ. ಅಲ್ಲೂ ಜನ ಬಾಡಿಗೆ ಕೊಡುತ್ತಾರೆ, ಸಂಬಳ ಎಣಿಸುತ್ತಾರೆ, ಮಕ್ಕಳನ್ನು ಶಾಲೆಗೆ ಕಳಿಸುತ್ತಾರೆ ಎಂಬುದು ಮರೆತೇ ಹೋಗುತ್ತದೆ. ಇಂಥ ಊರುಗಳನ್ನು ಕೇಳಿದ ಮಾತಿನ ಮೇಲೆ ತಳ್ಳಿಹಾಕದೆ ತೂಗಿ ನೋಡಬೇಕು ಎನ್ನುವುದು ನನ್ನ ವಾದ.

ಮೊದಲು ಇಲ್ಲಿನ ಪರಿಸ್ಥಿತಿ. 1956ರ ನವೆಂಬರ್ 1ರಂದು ಕಾಸರಗೋಡು ಕೇರಳಕ್ಕೆ ಸೇರಿತು. ಚಂದ್ರಗಿರಿ ನದಿಯ ಉತ್ತರ ಭಾಗ ಕರ್ನಾಟಕಕ್ಕೆ ಸಲ್ಲಬೇಕು ಎಂದು 1967ರಲ್ಲಿ ಮಹಾಜನ ಆಯೋಗ ಹೇಳಿತಾದರೂ ಅದು ಜಾರಿಗೆ ಬರಲಿಲ್ಲ. ನನ್ನ ತಲೆಮಾರಿಗೆ ಅದು ಪಾಠದ ಸಂಗತಿ. ನಮ್ಮ ಮನೆಮಾತು ತುಳು, ಶಾಲೆಯ ಮಾತು ಕನ್ನಡ, ಕಚೇರಿಯ ಮಾತು ಮಲಯಾಳ. ಮೂರೂ ಬಂದರೆ ಬದುಕು ಸಲೀಸು, ಅದರಲ್ಲಿ ದೂರೇನೂ ಇಲ್ಲ. ಆದರೆ ಹತ್ತನೇ ತರಗತಿಯವರೆಗೆ ಕನ್ನಡದಲ್ಲೇ ಓದಿ, ಕನ್ನಡದಲ್ಲಿ ಕಲಿಸಲು ತರಬೇತಿ ಪಡೆದವರಿಗೆ ಇರುವ ಕಾಯಂ ಹುದ್ದೆಗಳು ಬೆರಳೆಣಿಕೆಯಷ್ಟು. ಲೋಕಸೇವಾ ಆಯೋಗದ ರ್‍ಯಾಂಕ್ ಪಟ್ಟಿಯಲ್ಲಿ ಹೆಸರು ಬಂದರೂ ಆ ಪಟ್ಟಿಯ ಆಯುಸ್ಸು ಹೆಚ್ಚೆಂದರೆ ಮೂರು ವರ್ಷ. ಉಳಿದದ್ದು ದಿನವೇತನದ ಕೆಲಸ. ಜೂನ್‌ನಲ್ಲಿ ಸಂದರ್ಶನ, ಮಾರ್ಚ್‌ನಲ್ಲಿ ಬೀಳ್ಕೊಡುಗೆ, ಮತ್ತೆ ಜೂನ್‌ನಲ್ಲಿ ಅದೇ ಸಂದರ್ಶನ. ಎರಡು ವರ್ಷ ನಾನು ಹೀಗೇ ಕಳೆದಿದ್ದೇನೆ.

ಹೊಸದುರ್ಗ ಎಂದ ಕೂಡಲೇ ಅಮ್ಮ ಕೇಳಿದ್ದು, "ನೀರಿಲ್ಲದ ಊರಿಗೆ ಹೋಗುವುದಾ?" ಎಂದು. ಪ್ರಶ್ನೆ ನ್ಯಾಯವಾದದ್ದೇ. ನಮ್ಮ ಜಿಲ್ಲೆಯಲ್ಲಿ ವರ್ಷಕ್ಕೆ ಸುಮಾರು 3,500 ಮಿ.ಮೀ. ಮಳೆ ಬಿದ್ದರೆ ಚಿತ್ರದುರ್ಗದಲ್ಲಿ 600 ಮಿ.ಮೀ. ಆಸುಪಾಸು. ಅಲ್ಲಿನ ಹಲವು ಹಳ್ಳಿಗಳ ಕೊಳವೆಬಾವಿಗಳಲ್ಲಿ ಫ್ಲೋರೈಡ್ ಇದೆ. ಕುಡಿಯಲು ಶುದ್ಧ ನೀರಿನ ಘಟಕದಿಂದ ಕ್ಯಾನ್ ತುಂಬಿಸಿ ತರಬೇಕು. ಭದ್ರಾ ಮೇಲ್ದಂಡೆ ಯೋಜನೆಗೆ 2023ರ ಕೇಂದ್ರ ಬಜೆಟ್‌ನಲ್ಲಿ 5,300 ಕೋಟಿ ರೂಪಾಯಿ ಘೋಷಣೆಯಾಗಿತ್ತು. ಆ ಹಣಕ್ಕಾಗಿ ಜಿಲ್ಲೆಯ ಜನ ಧರಣಿ ಕೂತದ್ದನ್ನು ಪತ್ರಿಕೆಗಳಲ್ಲಿ ಓದಿದ್ದೇವೆ.

ಆದರೆ ಮಳೆ ಹೆಚ್ಚಿದ್ದಲ್ಲಿ ನೀರಿನ ಚಿಂತೆ ಇಲ್ಲ ಎನ್ನುವ ಹಾಗಿಲ್ಲ. ನಮ್ಮ ಮುರಕಲ್ಲಿನ ಗುಡ್ಡಗಳಲ್ಲಿ ಬಿದ್ದ ಮಳೆ ನಿಲ್ಲುವುದಿಲ್ಲ. ಮಾರ್ಚ್ ಕಳೆದರೆ ಎಷ್ಟೋ ಬಾವಿಗಳ ತಳ ಕಾಣುತ್ತದೆ. ಅದಕ್ಕೆಂದೇ ಹಿರಿಯರು ಗುಡ್ಡದ ಹೊಟ್ಟೆಗೆ ಅಡ್ಡಲಾಗಿ ಸುರಂಗ ಕೊರೆದು ನೀರು ತಂದರು. ಚಿತ್ರದುರ್ಗದ ಹಿರಿಯರು ಬಂಡೆಗಳ ನಡುವೆ ಹೊಂಡ ಕಟ್ಟಿ, ಒಂದು ತುಂಬಿದರೆ ಮತ್ತೊಂದಕ್ಕೆ ಹರಿಯುವಂತೆ ಮಾಡಿದರು. ಅಕ್ಕ ತಂಗಿ ಹೊಂಡ, ಗೋಪಾಲಸ್ವಾಮಿ ಹೊಂಡ, ಸಿಹಿನೀರು ಹೊಂಡ, ಸಂತೆಹೊಂಡಗಳು ಇಂದಿಗೂ ಇವೆ. ಹಿರಿಯೂರಿನ ಬಳಿ ವೇದಾವತಿಗೆ 1907ರಲ್ಲಿ ಕಟ್ಟಿ ಮುಗಿಸಿದ ವಾಣಿವಿಲಾಸ ಸಾಗರ 1933ರ ಬಳಿಕ ಕೋಡಿ ಬಿದ್ದದ್ದು 2022ರಲ್ಲಿ, 89 ವರ್ಷಗಳ ನಂತರ. ಮೂರು ತಲೆಮಾರು ಕಾದ ಜನ ಅವರು. ನೀರನ್ನು ಎಣಿಸಿ ಬಳಸುವುದು ಅಲ್ಲಿ ಹುಟ್ಟಿನಿಂದ ಬಂದ ಅಭ್ಯಾಸ. ನಾನು ಹೋದರೆ ಅದನ್ನು ಕಲಿಯಬೇಕಾಗುತ್ತದೆ. ಕಲಿಯುವುದರಿಂದ ನಷ್ಟವೇನಿಲ್ಲ.

ಏಪ್ರಿಲ್‌ನಲ್ಲಿ ಸಂದರ್ಶನಕ್ಕೆ ಹೋದಾಗ ಎರಡು ದಿನ ಹೆಚ್ಚಿಗೆ ಉಳಿದೆ. ಬಿ.ಇಡಿ.ಯಲ್ಲಿ ಜೊತೆಗಿದ್ದ ಚಿತ್ರದುರ್ಗದ ಗೆಳತಿ ಜೋಗಿಮಟ್ಟಿಗೆ ಕರೆದೊಯ್ದಳು. ಪಟ್ಟಣದಿಂದ ಸುಮಾರು ಹತ್ತು ಕಿ.ಮೀ. ದೂರದ ಈ ಗಿರಿಧಾಮ 2015ರಲ್ಲಿ ವನ್ಯಜೀವಿಧಾಮವಾಯಿತು. ಊರವರು ಇದನ್ನು ಮಧ್ಯ ಕರ್ನಾಟಕದ ಊಟಿ ಎನ್ನುತ್ತಾರೆ. ನಾನು ಕಂಡದ್ದು ಊಟಿಯನ್ನಲ್ಲ. ಎಲೆ ಉದುರಿದ ಕಾಡು, ಕಾದ ಬಂಡೆ, ಬೆಟ್ಟದ ಸಾಲಿನುದ್ದಕ್ಕೂ ತಿರುಗುವ ಗಾಳಿಯಂತ್ರಗಳು. "ಮಳೆ ಬಿದ್ಮೇಲೆ ಬಾರೇ, ಆಮೇಲೆ ಮಾತಾಡು" ಎಂದಳು ಗೆಳತಿ. ಬಿಸಿಲು ಚುರುಕಾಗಿತ್ತು, ಆದರೆ ಗಾಳಿ ನಿಲ್ಲಲೇ ಇಲ್ಲ. ನಮ್ಮ ಕಡಲತೀರದಲ್ಲಿ ಏಪ್ರಿಲ್ ಎಂದರೆ ಬೆವರಿನ ಸ್ನಾನ. ಚಿತ್ರದುರ್ಗ ಸಮುದ್ರಮಟ್ಟದಿಂದ ಸುಮಾರು 730 ಮೀಟರ್ ಎತ್ತರದಲ್ಲಿದೆ, ಸೆಕೆಯಂತೂ ಕಮ್ಮಿ. ಆ ರಾತ್ರಿ ಫ್ಯಾನ್ ಸಣ್ಣಗೆ ಹಾಕಿ ಮಲಗಿದೆ.

ಮರುದಿನ ಹೊಳಲ್ಕೆರೆ ದಾಟಿ ಹೊಸದುರ್ಗಕ್ಕೆ ಹೋದೆವು. ದಾರಿಯ ಎರಡೂ ಬದಿ ಅಡಿಕೆ, ತೆಂಗು. ಬಯಲುಸೀಮೆ ಎಂದರೆ ಬರೀ ಬಯಲು ಎಂದುಕೊಂಡವರು ಆ ರಸ್ತೆಯಲ್ಲಿ ಒಮ್ಮೆ ಹೋಗಬೇಕು. ಮರ ಒಂದೇ, ವ್ಯವಹಾರ ಬೇರೆ. ನಾವು ಹಣ್ಣಡಿಕೆಯನ್ನು ಅಂಗಳದಲ್ಲಿ ಒಣಗಿಸಿ ಚಾಲಿ ಮಾಡುತ್ತೇವೆ. ಅವರು ಎಳೆಯ ಕಾಯಿ ಸುಲಿದು, ಬೇಯಿಸಿ, ಚೊಗರು ಹಾಕಿ ಕೆಂಪಡಿಕೆ ಮಾಡಿ ಭೀಮಸಮುದ್ರದಲ್ಲಿ ಮಾರುತ್ತಾರೆ. ಅಡಿಕೆ ಬೆಳೆಗಾರನ ಮಗಳಾದ ನನಗೆ ಧಾರಣೆಯ ಮಾತು ತೆಗೆದರೆ ಅಲ್ಲಿ ಯಾರೂ ಅಪರಿಚಿತರಾಗಲಿಕ್ಕಿಲ್ಲ.

ಇನ್ನು ದುಡ್ಡಿನ ಲೆಕ್ಕ. ಇದೇ ವರ್ಷ ಬೆಂಗಳೂರಿನ ಕೋಚಿಂಗ್ ಸಂಸ್ಥೆಯೊಂದು 25 ಸಾವಿರ ಕೊಡುತ್ತೇನೆಂದಿತ್ತು. ಅಲ್ಲಿ ಪಿ.ಜಿ.ಗೆ 9 ಸಾವಿರ, ಓಡಾಟಕ್ಕೆ 3 ಸಾವಿರ. ದಿನಕ್ಕೆ ಮೂರು ಗಂಟೆ ಬಸ್ಸಿನಲ್ಲಿ. ಹೊಸದುರ್ಗದವರು ಹೇಳಿದ್ದು 18 ಸಾವಿರ. ಶಾಲೆಗೆ ನಡೆದು ಹೋಗುವ ದೂರದಲ್ಲಿ ಒಂದು ಕೋಣೆ, ಅಡುಗೆಮನೆ ಇರುವ ಮನೆಗೆ ಬಾಡಿಗೆ 4 ಸಾವಿರ. ಕೈಯಲ್ಲಿ ಉಳಿಯುವುದು ಹೆಚ್ಚುಕಡಿಮೆ ಅಷ್ಟೇ. ಮೂರು ಗಂಟೆ ಮಾತ್ರ ನನ್ನದಾಗುತ್ತದೆ. ಮುಂದಿನ ಸ್ಪರ್ಧಾತ್ಮಕ ಪರೀಕ್ಷೆಗೆ ಓದುವವರಿಗೆ ಈ ಮೂರು ಗಂಟೆ ಸಂಬಳದ ಭಾಗವೇ.

ಮುಚ್ಚಿಡಬಾರದ ಮಾತೂ ಒಂದಿದೆ. ಚಿತ್ರದುರ್ಗ ಕೆಲಸಗಳ ಕಣಜವಲ್ಲ. ಚಳ್ಳಕೆರೆ ಬಳಿ ಭಾರತೀಯ ವಿಜ್ಞಾನ ಸಂಸ್ಥೆಯ ಆವರಣವಿದೆ, ಡಿಆರ್‌ಡಿಒದ ಪರೀಕ್ಷಾ ನೆಲೆಯಿದೆ. ಹೆದ್ದಾರಿ 48 ಹಿರಿಯೂರು, ಚಿತ್ರದುರ್ಗಗಳ ಮೇಲೆಯೇ ಹಾದುಹೋಗುತ್ತದೆ. ಆದರೂ ಪದವಿ ಮುಗಿಸಿದ ಅಲ್ಲಿನ ಹುಡುಗರು ಅದೇ ಹೆದ್ದಾರಿಯಲ್ಲಿ ಬೆಂಗಳೂರಿನ ಬಸ್ಸು ಹತ್ತುತ್ತಾರೆ. ಎಂಜಿನಿಯರಿಂಗ್ ಓದಿದವರಿಗೆ ಈ ಊರನ್ನು ನಾನು ಸೂಚಿಸಲಾರೆ. ಶಿಕ್ಷಕರು, ದಾದಿಯರು, ಕೃಷಿ ಓದಿದವರಿಗಾದರೆ ಮಾತು ಬೇರೆ. ಶಾಲೆ, ಆಸ್ಪತ್ರೆ, ತೋಟ ಎಲ್ಲ ತಾಲ್ಲೂಕಿನಲ್ಲೂ ಇರುತ್ತವೆ, ಅಲ್ಲಿ ಕೆಲಸಕ್ಕೆ ಜನ ಬೇಕಾಗುತ್ತಾರೆ.

ತಕ್ಕಡಿಯ ಇನ್ನೊಂದು ಬದಿಯಲ್ಲಿ ಸಂಬಳಕ್ಕೂ ನೀರಿಗೂ ಮೀರಿದ ಭಾರವೊಂದಿದೆ. ಕೇರಳದಲ್ಲಿ ಶಾಲೆ ತೆರೆದ ಆರನೇ ಕೆಲಸದ ದಿನ ಮಕ್ಕಳ ತಲೆ ಎಣಿಸಿ ಅಧ್ಯಾಪಕರ ಹುದ್ದೆ ನಿಗದಿ ಮಾಡುತ್ತಾರೆ. ಕನ್ನಡ ವಿಭಾಗದಲ್ಲಿ ಮಕ್ಕಳು ಕಡಿಮೆಯಾದರೆ ಹುದ್ದೆ ಹೋಗುತ್ತದೆ, ಹುದ್ದೆ ಹೋದರೆ ಪಾಲಕರು ಮಕ್ಕಳನ್ನು ಬೇರೆ ಮಾಧ್ಯಮಕ್ಕೆ ಹಾಕುತ್ತಾರೆ. ಕನ್ನಡ ತರಗತಿಗೆ ಕನ್ನಡ ಬಾರದವರನ್ನು ನೇಮಿಸಿದಾಗ ಮಕ್ಕಳೂ ಪಾಲಕರೂ ಬೀದಿಗಿಳಿದದ್ದಿದೆ. ಕನ್ನಡದಲ್ಲಿ ಕಲಿಸಬಲ್ಲ ಒಬ್ಬೊಬ್ಬರೇ ಘಟ್ಟ ಹತ್ತಿದರೆ ಆ ಕೂಗಿಗೆ ಬಲ ಎಲ್ಲಿಂದ ಬರಬೇಕು? ನಾನು ಕಲಿತ ಶಾಲೆಯ ಕನ್ನಡ ವಿಭಾಗಕ್ಕೆ ನಾಳೆ ಒಬ್ಬ ಶಿಕ್ಷಕಿ ಬೇಕಾದಾಗ ನಾನು ಹೊಸದುರ್ಗದಲ್ಲಿರುತ್ತೇನೆ. ಈ ನಷ್ಟ ನನ್ನ ಸಂಬಳದ ಚೀಟಿಯಲ್ಲಿ ಕಾಣುವುದಿಲ್ಲ, ಆದರೆ ಯಾರೋ ಒಂದು ಮಗು ಅದನ್ನು ತೆರುತ್ತದೆ.

ಹಾಗೆಂದು ಊರಿನ ಭಾಷೆ ಉಳಿಸುವ ಹೊಣೆಯನ್ನು ದಿನವೇತನದ ಇಪ್ಪತ್ತಾರರ ಹುಡುಗಿಯ ಹೆಗಲಿಗೆ ಹಾಕಿ ಸರ್ಕಾರಗಳು ಸುಮ್ಮನಿರುವುದೂ ಸರಿಯಲ್ಲ. ಕಾಸರಗೋಡು, ಹೊಸದುರ್ಗ, ಮಂಜೇಶ್ವರ ತಾಲ್ಲೂಕುಗಳ ಗಡಿನಾಡ ಕನ್ನಡಿಗರಿಗೆ ಕರ್ನಾಟಕ ಸಿಇಟಿಯಲ್ಲಿ ಅವಕಾಶ ಕೊಟ್ಟಿದೆ, ಅದಕ್ಕೆ ಕೃತಜ್ಞತೆ ಇದೆ. ಓದು ಮುಗಿದ ಮೇಲಿನ ದಾರಿಯನ್ನೂ ಅದು ಯೋಚಿಸಬೇಕು. ಕೇರಳ ತನ್ನ ಕನ್ನಡ ಶಾಲೆಗಳ ಖಾಲಿ ಹುದ್ದೆಗಳನ್ನು ಕನ್ನಡ ಬಲ್ಲವರಿಂದ, ಕಾಲಕಾಲಕ್ಕೆ ತುಂಬಿದರೆ ನನ್ನಂಥವರು ಘಟ್ಟ ಹತ್ತುವ ಪ್ರಮೇಯವೇ ಬರುವುದಿಲ್ಲ.

ಎಲ್ಲ ಕೂಡಿ ಕಳೆದು ನಾನು ಹೋಗಲು ತೀರ್ಮಾನಿಸಿದ್ದೇನೆ, ಮೂರು ವರ್ಷದ ಮಟ್ಟಿಗೆ. ಅಷ್ಟರಲ್ಲಿ ಕೇರಳದ ಪರೀಕ್ಷೆಗಳನ್ನೂ ಬರೆಯುತ್ತಿರುತ್ತೇನೆ. ಕರೆ ಬಂದರೆ ಇಳಿದು ಬರುವ ದಾರಿ ತೆರೆದೇ ಇರಲಿ. ನಿಮ್ಮ ಲೆಕ್ಕ ಬೇರೆಯೇ ಬರಬಹುದು. ಆದರೆ ಲೆಕ್ಕ ಹಾಕುವ ಮೊದಲು ಆ ಊರಿಗೆ ಅದರ ಅತಿ ಕಷ್ಟದ ತಿಂಗಳಲ್ಲಿ ಹೋಗಿ ಎರಡು ದಿನ ಇರಿ. ನೀರು ಎಷ್ಟು ದಿನಕ್ಕೊಮ್ಮೆ ಬರುತ್ತದೆ, ಬಾಡಿಗೆ ಎಷ್ಟು, ರಾತ್ರಿ ಜ್ವರ ಬಂದರೆ ವೈದ್ಯರು ಎಲ್ಲಿ ಸಿಗುತ್ತಾರೆ ಎಂದು ಅಂಗಡಿಯವರನ್ನೂ ಮನೆ ಮಾಲೀಕರನ್ನೂ ಕೇಳಿ. ಆಮೇಲೆ ಮನೆಯವರ ಜೊತೆ ಕೂತು ಮಾತಾಡಿ. ನನ್ನಮ್ಮ ಈಗ ಕೇಳುತ್ತಿರುವುದು ಆ ಮನೆಗೆ ಸಂಪು ಇದೆಯಾ ಎಂದು.